ಮೋನಕ್ಕನ ಹುಬ್ಬು

ಬುದ್ಧಿವಂತರ ಕತೆ ಬೇಕಾದರೆ ಪಕ್ಕದ ಮನೆಗೆ ಹೋಗಿ ಕೇಳಿ. ಇದು ಸುಹಾಸಿನಿಯ ಕತೆ.

ನಂಜನಗೂಡಿನ ಆಚೆ ಒಂದು ಊರು. ಆ ಊರಲ್ಲಿ ಪಂಕಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ಸುಹಾಸಿನಿ ಅಂತ ಒಬ್ಬಳೇ ಮಗಳು. ಮಗಳು ಓದಿದ್ದು ಇಂಗ್ಲಿಷ್ ಮೀಡಿಯಂ. ಟೀಚರ್ ಬೋರ್ಡ್ ಮೇಲೆ ಬರೆದದ್ದನ್ನ ಒಂದು ಕಾಮಾ ಆಚೀಚೆ ಆಗದ ಹಾಗೆ ಬಾಯಿಪಾಠ ಮಾಡಿ ಹತ್ತು ವರ್ಷ ಫಸ್ಟ್ ಬಂದವಳು. ಹೇಳಿದ್ದಷ್ಟು ಮಾಡೋದು ಗೊತ್ತು. ಯಾಕೆ ಹೇಳಿದರು ಅಂತ ಕೇಳೋಕೆ ನಾಚಿಕೆ. ಬಾಯಿಬಿಟ್ಟರೆ ಬರೋದು ಒಂದೇ ಮಾತು: "ಓಕೆ ಮ್ಯಾಮ್."

"ಉಪ್ಪು ನೋಡೇ ಅಂದರೆ ಡಬ್ಬಿ ಮುಚ್ಚಳ ತೆಗೆದು ಉಪ್ಪನ್ನೇ ನೋಡ್ತಾಳೆ! ಇವಳನ್ನ ಕಟ್ಟಿಕೊಂಡು ನಾನೇನು ಮಾಡಲಿ!" ಅಂತ ಪಂಕಜಮ್ಮ ಹಣೆ ಹಣೆ ಚಚ್ಚಿಕೊಂಡಳು.

ಅಂಥವಳಿಗೆ ಊರಿನ ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಮಿಸ್ ಕೆಲಸ ಸಿಕ್ಕಿತು. ಅದೂ ಎರಡು ತಿಂಗಳ ಮಟ್ಟಿಗೆ. "ಇನ್ಸ್‌ಪೆಕ್ಷನ್ ಸಾಹೇಬರು ಬರ್ತಾರೆ. ಕ್ಲಾಸು ಮೆಚ್ಚಿದರೆ ನೀವು ಇರ್ತೀರಿ, ಡ್ರಾಯಿಂಗೂ ಇರುತ್ತೆ. ಇಲ್ಲದಿದ್ದರೆ ಆ ಪೀರಿಯಡ್ ಲೆಕ್ಕದ ಮೇಷ್ಟ್ರಿಗೆ," ಅಂದರು ಹೆಡ್‌ಮಿಸ್ ಗಿರಿಜಾಂಬ.

"ಓಕೆ ಮ್ಯಾಮ್," ಅಂದಳು. ಬಣ್ಣ ಅಂದರೆ ಅವಳಿಗೆ ಪ್ರಾಣ.

ಮೊದಲ ದಿನ ಮೋನಾಲಿಸಾ ಚಿತ್ರ ತಂದು ಆರನೇ ಕ್ಲಾಸಿಗೆ ತೋರಿಸಿದಳು.

"ಈ ಆಂಟಿ ಯಾರು ಮಿಸ್?"

"ಯಾಕೆ ಸುಮ್ಮನೆ ಕೂತವ್ರೆ?"

ಅರ್ಧ ಕ್ಲಾಸು ಆಕಳಿಸಿತು, ಇನ್ನರ್ಧ ನಿದ್ದೆ ಹೊಡೆಯಿತು. ಗಿರಿಜಾಂಬ ಕಿಟಕಿಯಿಂದ ನೋಡಿ ಕರೆಸಿದರು. "ಅಲ್ಲಮ್ಮ, ಮಕ್ಕಳಿಗೆ ಗೊತ್ತಿರೋದರಿಂದ ಶುರುಮಾಡಬೇಕು! ಹಳೇ ಚಿತ್ರ ಕಂಡರೆ ಅದಕ್ಕೊಂದು ಕೂಲಿಂಗ್ ಗ್ಲಾಸ್ ಹಾಕಿ, ಕೈಗೊಂದು ಮೊಬೈಲ್ ಕೊಡಿ, ಸಿನಿಮಾ ಹೀರೋ ಥರ ಮಾಡಿ! ಆಗ ಕಣ್ಣು ಬಿಟ್ಟು ನೋಡ್ತಾರೆ."

"ಓಕೆ ಮ್ಯಾಮ್." ಡೈರಿಯಲ್ಲಿ ಬರೆದುಕೊಂಡಳು. ಕೆಳಗೊಂದು ಗೆರೆ ಎಳೆದಳು.

ಮಾರನೇ ದಿನ ಶಾಲೆಗೆ ಜಾಗ ಕೊಟ್ಟ ಪುಟ್ಟಮಾದೇಗೌಡರ ಪುಣ್ಯತಿಥಿ. "ಗೌಡರ ಹಳೇ ಚಿತ್ರ ಒರೆಸಿ ಸ್ಟೇಜ್ ಮೇಲೆ ಇಡಿ," ಅಂದರು ಗಿರಿಜಾಂಬ.

ಹಳೇ ಚಿತ್ರ! ಸುಹಾಸಿನಿ ಡೈರಿ ತೆಗೆದಳು, ಓದಿದಳು, ಕತ್ತರಿ ಹಿಡಿದಳು. ಪರದೆ ಸರಿಯಿತು. ಗೌಡರ ಪೇಟದ ಕೆಳಗೆ ಕಪ್ಪು ಕೂಲಿಂಗ್ ಗ್ಲಾಸ್! ಕೈಯಲ್ಲಿ ಮೊಬೈಲ್! ಮಕ್ಕಳು ಶಿಳ್ಳೆ ಹೊಡೆದರು. ಮೊದಲ ಸಾಲಿನಲ್ಲಿ ಕೂತಿದ್ದ ಗೌಡರ ಮೊಮ್ಮಗ ಧಡಾರನೆ ಎದ್ದು ಹೋದರು.

"ನಿಮಗೆ ತಲೆ ನೆಟ್ಟಗಿದೆಯೇನ್ರೀ?" ಅಂತ ಗಿರಿಜಾಂಬ ಕೂಗಾಡಿದರು. "ಗೋಡೆ ಮೇಲೆ ಚಿತ್ರ ಹಾಕಿದರೆ ಅದಕ್ಕೊಂದು ಹಾರ ಹಾಕಿ, ಊದುಬತ್ತಿ ಹಚ್ಚಿ, ಎರಡು ನಿಮಿಷ ತಲೆ ತಗ್ಗಿಸಿ ನಿಲ್ಲಬೇಕು!"

"ಓಕೆ ಮ್ಯಾಮ್." ಬರೆದುಕೊಂಡಳು. ಗೆರೆ ಎಳೆದಳು.

ಅಷ್ಟರಲ್ಲಿ ಮಕ್ಕಳಿಗೆ ಗೌಡರ ಕೂಲಿಂಗ್ ಗ್ಲಾಸಿನ ರುಚಿ ಹತ್ತಿತ್ತು. ಅವರೇ ಕೂತು ಒಂದು ಮೋನಾಲಿಸಾ ಬರೆದರು. ಮುಡಿ ತುಂಬ ಕನಕಾಂಬರ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ, ಹಿಂದೆ ಒಂದು ಆಟೋ. ಹೆಸರು ಮೋನಕ್ಕ. ಸುಹಾಸಿನಿಗೆ ಎಷ್ಟು ಖುಷಿಯಾಯಿತು ಅಂದರೆ, ತಾನೇ ಮೊಳೆ ಹೊಡೆದು ಮೋನಕ್ಕನನ್ನ ಗೋಡೆಗೆ ಹಾಕಿದಳು.

ಗೋಡೆ ಮೇಲೆ ಹಾಕಿದ್ದೇ ತಡ, ಡೈರಿ ನೆನಪಾಯಿತು. ಹಾರ ಹಾಕಿದಳು. ಊದುಬತ್ತಿ ಹಚ್ಚಿದಳು. ತಲೆ ತಗ್ಗಿಸಿ ನಿಂತಳು.

ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ: "ಮಿಸ್... ಮೋನಕ್ಕ ಹೋಗ್ಬಿಟ್ರಾ?"

"ನಿನ್ನೆ ಬಜ್ಜಿ ತಿಂತಾ ಚೆನ್ನಾಗೇ ಇದ್ರಲ್ಲೋ!"

"ಬಜ್ಜಿಯಿಂದಲೇ ಆಗಿರಬೇಕು!"

ಒಬ್ಬಳು ಅತ್ತಳು. ಅವಳನ್ನ ನೋಡಿ ಇನ್ನೊಬ್ಬಳು ಅತ್ತಳು. ಪಕ್ಕದ ಐದನೇ ಕ್ಲಾಸು, ಯಾರು ಏನು ಅಂತ ಗೊತ್ತಿಲ್ಲದೆ, ಅದೂ ಅತ್ತಿತು. ಏಳನೇ ಕ್ಲಾಸಿನವರು ಮಾತ್ರ ಸೀದಾ ಆಫೀಸಿಗೆ ಹೋಗಿ ರಜೆ ಕೇಳಿದರು.

ಗಿರಿಜಾಂಬ ಓಡಿ ಬಂದರು. "ಇದು ತಮಾಷೆ ಚಿತ್ರ ಅಲ್ಲವೇನ್ರೀ! ಇಂಥ ಮುಖ ಕಂಡರೆ ಹೊಟ್ಟೆ ಹಿಡ್ಕೊಂಡು ನಗಬೇಕು! ಪಕ್ಕದಲ್ಲಿರೋರನ್ನೂ ನಗಿಸಬೇಕು!"

"ಓಕೆ ಮ್ಯಾಮ್." ಬರೆದುಕೊಂಡಳು. ಗೆರೆ ಎಳೆದಳು. ಈ ಸಲ ಎರಡು ಗೆರೆ.

ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಹುಣಸೂರಿನ ಗಂಡಿನ ಸೋದರತ್ತೆ ಕೂತಿದ್ದಾರೆ. "ನೋಡಮ್ಮ, ನಮ್ಮ ಹುಡುಗ," ಅಂತ ಫೋಟೋ ಕೊಟ್ಟರು. ಸುಹಾಸಿನಿ ನೋಡಿದಳು. ಕೋಟು, ಟೈ, ತುಟಿಗೆ ತುಸು ಲಿಪ್‌ಸ್ಟಿಕ್, ಹಿಂದೆ ಬಣ್ಣ ಬಳಿದ ಜಲಪಾತ. ಇಂಥ ಮುಖ! ಹೊಟ್ಟೆ ಹಿಡಿದುಕೊಂಡಳು. ನಕ್ಕಳು. ಹೇಳಿದ್ದಾರಲ್ಲ ಅಂತ ಅತ್ತೆಯ ಪಕ್ಕೆಗೂ ಎರಡು ಸಲ ಕಚಗುಳಿ ಇಟ್ಟಳು.

ಅತ್ತೆ ಕಾಫಿ ಲೋಟ ಕುಕ್ಕಿ ಚಪ್ಪಲಿ ಮೆಟ್ಟಿದರು.

"ಮನೆಹಾಳಿ!" ಅಂತ ಪಂಕಜಮ್ಮ ಕಿರುಚಿದಳು. "ಫೋಟೋನೇ ಬೇರೆ, ಮನುಷ್ಯನೇ ಬೇರೆ ಕಣೇ! ಫೋಟೋ ಪಕ್ಕ ಅಸಲಿ ಮನುಷ್ಯನ್ನ ನಿಲ್ಲಿಸಿ, ಏನು ಹೆಚ್ಚು ಏನು ಕಮ್ಮಿ ಅಂತ ನೋಡಿ, ಆಮೇಲೆ ಬಾಯಿ ಬಿಡಬೇಕು!"

"ಓಕೆ ಮ್ಯಾಮ್," ಅಂದಳು ಅಮ್ಮನಿಗೆ.

ಆ ವಾರವೆಲ್ಲ ಕ್ಲಾಸಿನಲ್ಲಿ ಅಸಲಿ ಮೋನಾಲಿಸಾ ಪಕ್ಕ ಮಕ್ಕಳ ಮೋನಕ್ಕನನ್ನ ಇಟ್ಟು, ಏನು ಹೆಚ್ಚು ಏನು ಕಮ್ಮಿ ಅಂತ ಹುಡುಕಿಸಿದಳು. ಮಕ್ಕಳು ಅಸಲಿಗೆ ಮೂಗು ತಾಗಿಸಿಕೊಂಡು ನೋಡಿದರು. ಪಾಪ, ಅದೊಂದು ಸಲ ಎಲ್ಲ ಸರಿಯಾಗೇ ಆಯಿತು. ಅಲ್ಲಿಗೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ.

ಇನ್ಸ್‌ಪೆಕ್ಷನ್ ದಿನ ಬಂತು. ಗೇಟಿನ ಮೇಲೆ ಸ್ವಾಗತದ ಫ್ಲೆಕ್ಸು, ಅದರ ತುಂಬ ಸಾಹೇಬರ ಫೋಟೋ, ಪಕ್ಕದಲ್ಲಿ ಸಾಲಾಗಿ ನಿಂತ ಆರನೇ ಕ್ಲಾಸು. ಜೀಪಿನಿಂದ ಇಳಿದ ಸಾಹೇಬರು ಸರಿಯಾಗಿ ಅದರ ಕೆಳಗೇ ನಿಂತರು. ಮೇಲೆ ಫೋಟೋ, ಕೆಳಗೆ ಮನುಷ್ಯ! ಸುಹಾಸಿನಿ ಓಡಿಹೋಗಿ, ನಾಚುತ್ತ ನಾಚುತ್ತಲೇ, ಸಾಹೇಬರನ್ನ ಒಂದು ಹೆಜ್ಜೆ ಎಡಕ್ಕೆ ಸರಿಸಿ ನಿಲ್ಲಿಸಿದಳು.

"ಮಕ್ಕಳೇ, ಏನು ಹೆಚ್ಚು, ಏನು ಕಮ್ಮಿ?"

"ಮೇಲಿನ ಸಾರ್‌ಗೆ ತಲೆ ತುಂಬ ಕೂದಲು ಮಿಸ್!"

"ಕೆಳಗಿನ ಸಾರ್‌ಗೆ ಕಿವಿ ಮೇಲೆ ಮಾತ್ರ!"

"ಮೇಲೆ ಗದ್ದ ಒಂದು, ಕೆಳಗೆ ಎರಡು!"

"ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು?"

ಇಡೀ ಕ್ಲಾಸು ಒಂದೇ ದನಿಯಲ್ಲಿ: "ಮೇಲಿರೋದು ಅಸಲಿ! ಕೆಳಗಿರೋದು ನಕಲಿ!"

ಗಿರಿಜಾಂಬ ಗೇಟಿನ ಕಂಬ ಹಿಡಿದುಕೊಂಡರು. ಸಾಹೇಬರು ಫ್ಲೆಕ್ಸ್ ನೋಡಿದರು, ತಲೆ ಸವರಿಕೊಂಡರು. "ಊಟ ಆದಮೇಲೆ ಈ ಕ್ಲಾಸಿಗೇ ಬರ್ತೀನಿ," ಅಂದರು. ನಗಲಿಲ್ಲ.

"ಮುಗೀತು! ನಿಮ್ಮ ಕೆಲಸ ಹೋಯ್ತು, ಡ್ರಾಯಿಂಗೂ ಹೋಯ್ತು!" ಗಿರಿಜಾಂಬ ಸುಹಾಸಿನಿಯ ತೋಳು ಹಿಡಿದು ಎಳೆದುಕೊಂಡು ಹೋದರು. "ಒಂದು ಉಪಕಾರ ಮಾಡಿ. ತುಟಿ ಬಿಚ್ಚಬೇಡಿ. ನಾನು ಹೇಳೋ ತನಕ ಆ ಮೋನಾಲಿಸಾ ಥರ ಸುಮ್ಮನೆ ಕೂತಿರಿ!"

"ಓಕೆ..." ಅನ್ನಲು ಹೋದವಳು ಬಾಯಿ ಮುಚ್ಚಿಕೊಂಡಳು. ಡೈರಿಯನ್ನೂ ತೆಗೆಯಲಿಲ್ಲ.

ಸಾಹೇಬರು ಬಂದರು. "ಟೀಚರ್ ಎಲ್ಲಿ?"

ಕಿಟಕಿಯ ಚೌಕಟ್ಟಿನ ಮುಂದೆ ಸುಹಾಸಿನಿ ಕೂತಿದ್ದಾಳೆ. ಕೈ ಮೇಲೆ ಕೈ. ತುಟಿಯಲ್ಲಿ ಅರ್ಧ ನಗು. ಸಾಹೇಬರು ಎರಡು ಸಲ ಕರೆದರು. ರೆಪ್ಪೆ ಅಲುಗಲಿಲ್ಲ. ಒಳಗೊಳಗೇ ಮಾತ್ರ, ಅಯ್ಯೋ ನನ್ನ ಬಣ್ಣಗಳೇ, ಅಂತ ಅಳುತ್ತಿದ್ದಳು.

"ಸಾರ್, ಇವತ್ತು ಮಿಸ್ಸೇ ಚಿತ್ರ!" ಅಂತ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಗೋಡೆ ಮೇಲಿರೋದು ಅಸಲಿ, ಮಿಸ್ಸು ನಕಲಿ."

"ಅಸಲಿ ಹಿಂದೆ ಹೊಳೆ ಸಾರ್, ಮಿಸ್ ಹಿಂದೆ ಬೋರ್‌ವೆಲ್!"

"ಅಸಲಿಗೆ ಬಲಗೈ ಮೇಲೆ, ಮಿಸ್ ಎಡಗೈ ಮೇಲಿಟ್ಟವ್ರೆ. ತಪ್ಪು!"

"ಅಸಲಿಗೆ ಹುಬ್ಬೇ ಇಲ್ಲ ಸಾರ್! ಮಿಸ್‌ಗೆ ಐತೆ!"

"ಹುಬ್ಬಿಲ್ವಾ?" ಸಾಹೇಬರು ಕನ್ನಡಕ ಏರಿಸಿ ಗೋಡೆಯ ಚಿತ್ರದ ಹತ್ತಿರ ಹೋದರು. ಬಗ್ಗಿದರು. "ಅರೆ! ಹೌದಲ್ಲ! ಮೂವತ್ತು ವರ್ಷದಿಂದ ಕ್ಯಾಲೆಂಡರಿನಲ್ಲಿ ನೋಡ್ತಾನೇ ಇದ್ದೀನಿ!" ಆಗ ನಕ್ಕರು ನೋಡಿ. ನಗುತ್ತಲೇ ರಿಜಿಸ್ಟರಿನಲ್ಲಿ ಬರೆದರು: ಡ್ರಾಯಿಂಗ್ ಇರಲಿ. ಈ ಟೀಚರೂ ಇರಲಿ. ಫ್ಲೆಕ್ಸ್ ಇಳಿಸಿ.

ಗಿರಿಜಾಂಬ ಸಾಹೇಬರನ್ನ ಜೀಪಿಗೆ ಹತ್ತಿಸಿದರು, ಸಂತೋಷಕ್ಕೆ ಮಕ್ಕಳಿಗೆಲ್ಲ ಮೈಸೂರ್ ಪಾಕ್ ಹಂಚಿದರು, ತಾವೂ ಒಂದು ತಿಂದು ಮೈಸೂರು ಬಸ್ಸು ಹತ್ತಿದರು. ಸುಹಾಸಿನಿಗೆ ಹೇಳೋದನ್ನೇ ಮರೆತರು.

ಸಂಜೆಯಾದರೂ ಮಗಳು ಬರಲಿಲ್ಲ ಅಂತ ಪಂಕಜಮ್ಮ ಹುಡುಕಿಕೊಂಡು ಬಂದಳು. "ಏಳೇ! ಕೆಲಸ ಉಳೀತಂತೆ! ಊರೆಲ್ಲ ಹೇಳ್ತಿದೆ!" ಸುಹಾಸಿನಿ ಏಳಲಿಲ್ಲ. ಹೇಳಬೇಕಾದವರು ಹೇಳಿಲ್ಲವಲ್ಲ! ಪಂಕಜಮ್ಮ ಬೈದಳು, ಚಿವುಟಿದಳು, ಅತ್ತಳು. ಅರ್ಧ ನಗು ಅರ್ಧವೇ ಉಳಿಯಿತು. ಕೊನೆಗೆ ದಾರಿಯಲ್ಲಿ ಹೋಗ್ತಿದ್ದ ಇಬ್ಬರು ಸೇರಿ ಕುರ್ಚಿ ಸಮೇತ ಎತ್ತಿ ಆಟೋದಲ್ಲಿಟ್ಟರು.

ಆಟೋದವನು ಕನ್ನಡಿಯಲ್ಲಿ ನೋಡಿದ. ಕೈ ಮೇಲೆ ಕೈ, ತುಟಿಯಲ್ಲಿ ನಗು, ಅಲುಗಾಟವಿಲ್ಲ. "ಅಮ್ಮಾ, ಇದಕ್ಕೆ ಗಾಜು ಹಾಕ್ಸಿದೀರಾ? ರಸ್ತೆ ಸರಿಯಿಲ್ಲ, ಒಡೆದೋದೀತು."

ಪಂಕಜಮ್ಮ ಸೆರಗಿನಿಂದ ಮಗಳ ಕೆನ್ನೆಯ ಸೀಮೆಸುಣ್ಣ ಒರೆಸಿದಳು.

"ಗಾಜಿಲ್ಲಪ್ಪ. ಆದರೂ ನಿಧಾನಕ್ಕೇ ಓಡಿಸು. ಅಸಲಿ ಇದು. ಇಂಥದ್ದು ಇನ್ನೊಂದು ಎಲ್ಲೂ ಸಿಗಲ್ಲ."