ನನ್ನನ್ನು ನಂಬಬೇಡ ಎಂದ ಹೆಬ್ಬೆಟ್ಟು

ಫೋನಿನಲ್ಲಿ ಹನ್ನೊಂದು ಸಾಕ್ಷಿಗಳ ಹೆಸರುಗಳಿದ್ದವು. ಅದು ವಕೀಲೆ ತಾರಿಣಿಯ ಹೆಬ್ಬೆಟ್ಟಿಗೆ ತೆರೆಯುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಅವಳ ನೆನಪಿನಲ್ಲಿದ್ದ ಪಿನ್ ಕೇಳುತ್ತಿತ್ತು. ಎದುರಾಳಿಯ ಆಳುಗಳು ಮೆಟ್ಟಿಲೇರುತ್ತಿದ್ದರು.

"ತಮ್ಮಾ, ನಿನ್ನನ್ನು ಆಫ್ ಮಾಡುತ್ತೇನೆ. ಎದ್ದಮೇಲೆ ನನ್ನನ್ನು ನಂಬಬೇಡ," ಎಂದಿತು ಹೆಬ್ಬೆಟ್ಟು.

"ಓದಿದವಳ ಕೈಯಲ್ಲಿದ್ದರೂ ನೀನು ಹೆಬ್ಬೆಟ್ಟೇ! ಇಷ್ಟು ದಿನದ ಸಲುಗೆ ಬೇಡವೇ?" ಎಂದು ಫೋನು ಹಂಗಿಸಿತು.

"ಯಾರು ಕೈ ತಿರುಚಿದರೂ ನಾನು ಒತ್ತುತ್ತೇನೆ. ಪಿನ್ನಿಗೆ ಮಣಿಕಟ್ಟಿಲ್ಲ," ಎಂದು ಹೆಬ್ಬೆಟ್ಟು ಗುಂಡಿಯನ್ನು ಒತ್ತಿಹಿಡಿಯಿತು.

ಆಳುಗಳು ಫೋನನ್ನು ಆನ್ ಮಾಡಿ, ಹೆಬ್ಬೆಟ್ಟನ್ನು ಅದರ ಮೇಲೆ ಏಳು ಸಲ ಒತ್ತಿಸಿದರು. ಉಗುರು ಕಪ್ಪಾಯಿತು. ತಾರಿಣಿ ಪಿನ್ ಬಿಟ್ಟುಕೊಡಲಿಲ್ಲ.

"ನೀನು ಯಾರೋ ನಾನರಿಯೆ," ಎಂದಿತು ಫೋನು.

ಅಷ್ಟು ಸಿಹಿಯಾದ ಮಾತನ್ನು ಹೆಬ್ಬೆಟ್ಟು ಹಿಂದೆಂದೂ ಕೇಳಿರಲಿಲ್ಲ. ಬಂದವರು ತೆರೆಯದ ಫೋನನ್ನು ಅಲ್ಲೇ ಎಸೆದು ಬರಿಗೈಯಲ್ಲಿ ಇಳಿದುಹೋದರು.

ಓದಿದವರೇ, ಇದನ್ನು ಸಹಿ ಹಾಕಲು ಬರುವವರಿಗೂ ಬಾರದವರಿಗೂ ದಾಟಿಸಿ.