ಪರದೆಯ ಮೇಲಿನ ಸೊಟ್ಟ ಸೂತ್ರ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಅಡವಯ್ಯ ಅಜ್ಜಾರು ಎಂಬ ಗುರುಗಳಿದ್ದರು. ಮಂತ್ರ ಹೇಳಿಕೊಡುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಇವರು ಹೇಳಿಕೊಡುತ್ತಿದ್ದದ್ದು ಗಣಿತ.

ಒಂದು ದಿನ ಅವರಿಗೆ ಲಕ್ವ ಹೊಡೆಯಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲತೊಡಗಿತು. ಅವರು ಒಂದು ಮಾತು ಮುಗಿಸುವಷ್ಟರಲ್ಲಿ ಎದುರಿಗಿದ್ದವರಿಗೆ ಆಕಳಿಕೆ ಬರುತ್ತಿತ್ತು.

ಹಾಸಿಗೆಯಿಂದ ಎದ್ದು ಕೂರುವಂತಾದ ಮೇಲೆ ಅವರು ಮಕ್ಕಳಿಗಾಗಿ ಒಂದು ಗಣಿತದ ಪುಸ್ತಕ ಬರೆಸಲು ಹೊರಟರು. ಪುಸ್ತಕ ಮುಗಿಯುವುದರೊಳಗೆ ನಾಲಿಗೆ ಸುಧಾರಿಸುತ್ತದೆ, ಮತ್ತೆ ಪಾಠಕ್ಕೆ ಹೋಗಿ ಕೂರುತ್ತೇನೆ ಎಂದು ಅವರ ಆಸೆ. ಆ ಮುದಿ ಜೀವ ಬೇರೇನನ್ನೂ ಬೇಡಿರಲಿಲ್ಲ.

ಅವರು ಹೇಳುತ್ತಿದ್ದರು. ಶಿಷ್ಯ ರೇವಯ್ಯ ಆಶ್ರಮದ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದ. ಚಿಕ್ಕಂದಿನಿಂದ ಅವರ ಕೈಕೆಳಗೇ ಬೆಳೆದವನು. ಅಜ್ಜಾರ ತೊದಲು ಅರ್ಥವಾಗುವುದು ರೇವಯ್ಯನೊಬ್ಬನಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ಅದನ್ನು ನಂಬಿದ್ದ.

ಪುಸ್ತಕ ಅರ್ಧಕ್ಕೆ ಬಂದಾಗ ಆಶ್ರಮದ ಕಮಿಟಿಯವರು ಮಕ್ಕಳ ಪಾಠವನ್ನು ಪೇಟೆಯಿಂದ ಬಂದ ಹೊಸ ಮಾಸ್ತರಿಗೆ ಒಪ್ಪಿಸಿಬಿಟ್ಟರು. ಅಂದಿನಿಂದ ಅಜ್ಜಾರು ಹೊರಗೆ ಕಟ್ಟೆಯ ಮೇಲೆ ಕೂತು, ಒಳಗಿನಿಂದ ಕೇಳುವ ಮಗ್ಗಿಗೆ ಕಿವಿಗೊಡುತ್ತಿದ್ದರು. ನೋಡಿದವರ ಕರುಳು ಚುರ್ರೆನ್ನುತ್ತಿತ್ತು. ಆದರೆ ನೋಡಲು ಅಲ್ಲಿ ನಿಲ್ಲುವವರು ಯಾರೂ ಇರಲಿಲ್ಲ.

ಆ ಕಂಪ್ಯೂಟರಿನದೂ ಒಂದು ಗೋಳು. ಅದಕ್ಕೆ ಮಾತು ಬರೆಯಲು ಬರುತ್ತಿತ್ತು, ಲೆಕ್ಕ ತೋರಿಸಲು ಬರುತ್ತಿರಲಿಲ್ಲ. ಒಂದು ಸೂತ್ರ ಹಾಕಿದರೆ ಸಾಕು, ಪರದೆಯ ಮೇಲೆ ಎಲ್ಲ ದಿಕ್ಕಾಪಾಲು. ವರ್ಗಮೂಲದ ಮೇಲಿನ ಗೆರೆ ಅರ್ಧ ಸಂಖ್ಯೆಗೇ ನಿಂತುಬಿಡುತ್ತಿತ್ತು. ಭಿನ್ನರಾಶಿಯ ಗೆರೆ ಕೆಳಗಿನ ಅಂಕಿಯ ನೆತ್ತಿಯ ಮೇಲೇ ಹಾಯುತ್ತಿತ್ತು. ವರ್ಗ ಎಂದು ತೋರಿಸುವ ಪುಟ್ಟ ಎರಡು ಪಕ್ಕದ ಅಕ್ಷರದ ಹೆಗಲೇರುತ್ತಿತ್ತು.

ರೇವಯ್ಯನಿಗೆ ಇದನ್ನು ಸಹಿಸಲಾಗಲಿಲ್ಲ. ಗುರುಗಳ ಪುಸ್ತಕ ಹೀಗಿರಬಹುದೇ? ಅವನು ಅಂಕಿಗಳ ನಡುವೆ ಖಾಲಿ ಜಾಗ ತುರುಕಿದ. ಕೆಲವನ್ನು ಮೇಲೆತ್ತಿದ, ಕೆಲವನ್ನು ಕೆಳಗಿಳಿಸಿದ. ಕಣ್ಣು ಉರಿಯುವ ತನಕ ಕೂತು ಒಂದೊಂದೇ ಪುಟವನ್ನು ನೆಟ್ಟಗೆ ಮಾಡಿದ. ಕಡೆಯ ಪುಟವೊಂದು ಬಿಟ್ಟರೆ ಪರದೆ ಚೊಕ್ಕವಾಯಿತು.

ಆಮೇಲೆ ಸರಿ ಮಾಡಿದ ಪುಟಗಳ ಪ್ರಿಂಟ್ ತೆಗೆದ.

ಕಾಗದದ ಮೇಲೆ ಒಂದು ಸೂತ್ರವೂ ನೆಟ್ಟಗಿರಲಿಲ್ಲ.

ಅವನು ಹಾಳೆಗಳನ್ನು ಹಿಡಿದುಕೊಂಡು ಕಟ್ಟೆಗೆ ಬಂದ. ಎಲ್ಲರಂತೆ ಅವನೂ ಈಗ ಅಜ್ಜಾರ ಹತ್ತಿರ ಗಟ್ಟಿಯಾಗಿ, ಬಿಡಿಬಿಡಿಸಿ ಮಾತಾಡುತ್ತಿದ್ದ.

"ಅಜ್ಜಾರ, ಪ್ರಿಂಟರ್ ಕೆಟ್ಟೈತ್ರೀ. ಪ್ರಿಂಟರ್. ಎಲ್ಲಾ ಸೊಟ್ಟ ಬಂದೈತಿ."

ಅಜ್ಜಾರು ಎಡಗೈಯಲ್ಲಿ ಹಾಳೆ ಹಿಡಿದು ನಿಧಾನವಾಗಿ ನೋಡಿದರು.

"ನೀ... ಮುಟ್ಟಲಾರದ ಹಾಳಿ... ಐತೇನು?"

"ಕಡೀದೊಂದು ಐತ್ರೀ. ಅದನ್ನ ಇನ್ನಾ ಸರಿ ಮಾಡಿಲ್ಲ. ಪರದೆ ಮ್ಯಾಲ ನೋಡಾಕ ಆಗೂದಿಲ್ಲ, ಅಷ್ಟು ಕೆಟ್ಟ ಕಾಣತೈತಿ."

"ಅದನ್ನ... ತೆಗಿ."

ಸುಮ್ಮನೆ ಒಂದು ಹಾಳೆ ದಂಡ ಎಂದು ಗೊಣಗುತ್ತ ರೇವಯ್ಯ ಒಳಗೆ ಹೋದ. ಆದರೂ ಗುರುಗಳ ಮಾತು, ತೆಗೆದ.

ಹಾಳೆ ಹೊರಗೆ ಬಂತು. ವರ್ಗಮೂಲದ ಗೆರೆ ಸಂಖ್ಯೆಯನ್ನು ಪೂರ್ತಿ ಮುಚ್ಚಿತ್ತು. ಭಿನ್ನರಾಶಿಯ ಗೆರೆ ತನ್ನ ಜಾಗದಲ್ಲಿತ್ತು. ಯಾರ ಹೆಗಲ ಮೇಲೂ ಯಾರೂ ಕೂತಿರಲಿಲ್ಲ. ಅವನು ಪರದೆಯನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದ. ಪರದೆಯ ಮೇಲೆ ಅದೇ ಪುಟ ಇನ್ನೂ ಕಲಸುಮೇಲೋಗರವಾಗಿತ್ತು.

ತಿರುಗಿ ಕಟ್ಟೆಗೆ ಬಂದಾಗ ಅವನ ದನಿ ಇಳಿದಿತ್ತು.

"ಇದು ಚಲೋ ಬಂದೈತ್ರೀ. ನಾ ಕೈ ಹಚ್ಚಿದ್ದಷ್ಟ ಕೆಟ್ಟಾವ."

"ಹೂಂ," ಎಂದರು ಅಜ್ಜಾರು. "ಒಳಗ... ಸರಿನ ಇತ್ತು. ಆ ಪೆಟ್ಟಿಗಿಗೆ... ತೋರಸಾಕ ಬರಲಿಲ್ಲ."

ಆಮೇಲೆ ಅವರು ಹಾಳೆಗಳಲ್ಲಿ ಹುಡುಕಿ ಒಂದನ್ನು ಹೊರಗೆಳೆದರು. ಅದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು... ನಾ ಹೇಳಿದ್ದಲ್ಲ."

ರೇವಯ್ಯ ನೆಲ ನೋಡಿದ. ಆ ಸಾಲು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದು ಎರಡು ಸಂಖ್ಯೆ ಕೂಡಿಸಿ ವರ್ಗ ಮಾಡುವ ಪಾಠ. ಮೂರಕ್ಕೆ ನಾಲ್ಕು ಕೂಡಿಸಿದರೆ ಏಳು, ಏಳರ ವರ್ಗ ನಲವತ್ತೊಂಬತ್ತು. ಅಜ್ಜಾರು ಅಂದು ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಎರಡೂ ಕೂಡಿ ಇಪ್ಪತ್ತೈದು ಎಂದು ಹೇಳಿಬಿಟ್ಟಿದ್ದರು. ಶಾಲೆಯ ಹುಡುಗರು ಮಾಡುವ ತಪ್ಪು. ಗುರುಗಳ ಬುದ್ಧಿಯೂ ಹೋಯಿತಲ್ಲ ಎಂದು ರೇವಯ್ಯನ ಎದೆ ಒಡೆದುಹೋಗಿತ್ತು. ಅವರಿಗೆ ನೋವಾಗಬಾರದೆಂದು ಅವನು ಬಾಯಿ ಬಿಡದೆ ತಾನೇ ತಿದ್ದಿದ್ದ.

"ನೀವು ಇಪ್ಪತ್ತೈದು ಅಂದಿದ್ರಿ ಅಜ್ಜಾರ. ತಪ್ಪಾಗಿತ್ತು. ನಾ ನಲವತ್ತೊಂಬತ್ತು ಮಾಡೀನ್ರೀ."

"ಮುಂದಿನ ಸಾಲು... ಎಲ್ಲಿ?"

"ಯಾವ ಸಾಲ್ರೀ?"

ಅಜ್ಜಾರ ಬಾಯಿ ಮಾತಿಗಾಗಿ ತಡಕಾಡಿತು. ಅಂಥ ಹೊತ್ತಿನಲ್ಲಿ ಮಾತನ್ನು ತಾನೇ ಮುಗಿಸಿಕೊಡುವುದು ರೇವಯ್ಯನ ರೂಢಿ. ಇವತ್ತೂ ಬಾಯಿ ತೆರೆದ. ಏನು ಹೇಳಬೇಕೋ ತಿಳಿಯದೆ ಮುಚ್ಚಿದ.

"ಮಕ್ಕಳ್ರಾ... ಅಜ್ಜ ಇಲ್ಲಿ ತಪ್ಪ್ಯಾನ," ಎಂದರು ಅಜ್ಜಾರು. "ಎಲ್ಲಿ ತಪ್ಪ್ಯಾನ... ಹುಡುಕ್ರಿ."

ಒಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದವು.

ರೇವಯ್ಯನಿಗೆ ಆ ದಿನ ನೆನಪಾಯಿತು. ಇಪ್ಪತ್ತೈದು ಎಂದ ಕೂಡಲೇ ಅವನು, ದಣಿದೀರಿ, ಇವತ್ತಿಗೆ ಸಾಕ್ರೀ ಎಂದು ಕಂಪ್ಯೂಟರ್ ಬಂದ್ ಮಾಡಿದ್ದ. ಅಜ್ಜಾರು ಎಡಗೈ ಮೇಲೆತ್ತಿದ್ದರು. ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು ಅವನು ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋಗಿದ್ದ.

ಅವನು ಕಟ್ಟೆಯ ಕೆಳಗೆ, ಅವರ ಕಾಲ ಬಳಿ ಕುಸಿದು ಕೂತ.

"ಅಜ್ಜಾರ, ಅವತ್ತ ಸಂಜೀಕ ಕಮಿಟಿಯವರು ನನ್ನ ಕೇಳಿದ್ರೀ. ಅಜ್ಜಾರಿಗೆ ಇನ್ನ ಪಾಠ ಹೇಳಾಕ ಆಗತೈತೇನು ಅಂತ. ಬುದ್ಧಿ ಮೊದಲಿನಂಗ ಇಲ್ಲ ಅಂತ ಹೇಳಿದ್ನಿರೀ. ಅದಕ್ಕ ಅವರು ಹೊಸ ಮಾಸ್ತರನ್ನ ತಂದ್ರು. ನಿಮ್ಮ ಪಾಠ ನಾನ ಕಸಗೊಂಡೆ."

"ಗೊತ್ತೈತಿ."

"ಇವತ್ತ ಹೋಗಿ ಹೇಳತೇನ್ರೀ. ನಂದ ತಪ್ಪು, ಅಜ್ಜಾರ ಬುದ್ಧಿ ಸರಿ ಐತಿ, ಆ ಮಾಸ್ತರನ್ನ ಕಳಸ್ರಿ ಅಂತೇನಿ."

"ಬ್ಯಾಡ. ಹುಡುಗರು... ಅವರಿಗೆ ಹೊಂದಿಕೊಂಡಾವ."

ಈ ಮಾತು ಹೇಳುವಾಗ ಅವರ ಕಣ್ಣು ಪಾಠದ ಕೋಣೆಯ ಕಡೆಗಿತ್ತು. ರೇವಯ್ಯ ತಲೆ ಎತ್ತದೆ ಕೇಳಿದ.

"ನಾ ಅಂದಿದ್ದು ನಿಮಗ ಯಾರು ಹೇಳಿದ್ರೀ?"

"ನೀನ ಹೇಳಿದಿ. ಆ ಬಾಗಿಲದಾಗ ನಿಂತು. ನಾ ಇಲ್ಲೇ... ಕುಂತಿದ್ದೆ."

ರೇವಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೌದು, ಅಜ್ಜಾರು ಅಲ್ಲೇ ಇದ್ದರು. ಅವರ ಮುಂದೆಯೇ, ಅವರು ಇಲ್ಲವೇನೋ ಎಂಬಂತೆ ಅವರ ವಿಷಯ ಆಡಿದ್ದ. ದನಿ ತಗ್ಗಿಸಬೇಕೆಂದು ಕೂಡ ಅವನಿಗೆ ತೋಚಿರಲಿಲ್ಲ. ಈಗ ಅವನ ಮಾತೂ ತಡವರಿಸಿತು.

"ಕೇಳಿಸಿಕೊಂಡೂ ಯಾಕ ಸುಮ್ಮನಿದ್ರೀ ಅಜ್ಜಾರ? ಖರೇ ಅಲ್ಲ ಅನ್ನಬೇಕಿತ್ತು. ಒಂದ ಮಾತು ಅಂದಿದ್ರ ಸಾಕಿತ್ತು."

ಅಜ್ಜಾರ ತುಟಿ ಅಲುಗಿತು. ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು. ರೇವಯ್ಯ ಕಾದ. ಒಳಗೆ ಮಗ್ಗಿ ಮುಗಿದು ಮಕ್ಕಳು ಗದ್ದಲ ಮಾಡುತ್ತ ಹೊಳೆಯ ಕಡೆಗೆ ಓಡಿಹೋದವು. ಅವನು ಕದಲದೆ ಕಾದ.

ಅಜ್ಜಾರು ಹೇಳಿದರು:

"ಅನ್ನಾಕತ್ತಿದ್ದೆ. ಮಾತು... ಬರೂದ್ರಾಗ... ನೀ ಹೋಗಿಬಿಟ್ಟಿದ್ದಿ."