ಹೊಡೆದುಹಾಕಿದ ಸಾಲು

ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗುರು ನಿರ್ವಾಣಯ್ಯನವರು ಕಲಿಸುತ್ತಿದ್ದುದು ಒಂದೇ ವಿದ್ಯೆ: ಜನ ಬಾಯಲ್ಲಿ ಹೇಳಿದ್ದನ್ನು ಯಂತ್ರ ಪಾಲಿಸುವಂಥ ಸೂತ್ರವಾಗಿ ಬರೆಯುವುದು.

ಶಿಷ್ಯ ಚಿದಂಬರನ ಕೈ ಅದರಲ್ಲಿ ಪಳಗಿತ್ತು. ಪಳಗಿದೆಯೆಂದು ಅವನಿಗೂ ಗೊತ್ತಿತ್ತು, ಅದೇ ತಾಪತ್ರಯ.

ಅಣೆಕಟ್ಟಿನ ಬಾಗಿಲು ಇನ್ನು ಮೇಲೆ ತಾನಾಗಿಯೇ ತೆರೆಯುವುದೆಂದು ತೀರ್ಮಾನವಾದಾಗ, ಅದಕ್ಕೆ ಸೂತ್ರ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಹೊಳೆಯಲ್ಲಿ ಬಟ್ಟೆ ಒಗೆಯುವ ಮಾಚವ್ವನನ್ನು ಹೋಗಿ ಕೇಳಿದ.

“ನೀರು ಬಿಡೂಕಿಂತ ಮೊದ್ಲ ಸೈರನ್ ಕೂಗಸ್ರಿ,” ಅಂದಳು ಆಕೆ. “ನಮ್ಮ ಮನಿಯವರ ಕಾಲು ಸರಿ ಇಲ್ರಿ. ಹಸಿ ಅರಬಿ ಗಂಟು ಹೊತ್ತು ಈ ಹೊಳಿ ಮೆಟ್ಟಲಾ ಹತ್ತಾಕ ಭಾಳ ಹೊತ್ತು ಹಿಡಿತೈತಿ.”

ಚಿದಂಬರ ಎರಡನ್ನೂ ಬರೆದುಕೊಂಡ. ಆಮೇಲೆ, ಎರಡನೆಯದು ಬರೀ ಮನೆಸುದ್ದಿ ಅನ್ನಿಸಿ ಆ ಸಾಲನ್ನು ಹೊಡೆದುಹಾಕಿದ. ಉಳಿದದ್ದು ಇಷ್ಟು: ಸೈರನ್ ಕೂಗದೆ ಬಾಗಿಲು ತೆರೆಯಕೂಡದು.

ಗುರುಗಳಿಗೆ ತೋರಿಸಿದ.

“ಚೆನ್ನಾಗಿದೆ,” ಅಂದರು ಅವರು.

ಶ್ರಾವಣದ ಒಂದು ಮಧ್ಯಾಹ್ನ ಸೈರನ್ ಕೂಗಿತು. ಮರುಕ್ಷಣವೇ ಬಾಗಿಲು ತೆರೆಯಿತು. ಮಾಚವ್ವನ ಗಂಡ ಕಲ್ಲಪ್ಪ ಗಂಟು ಹೊತ್ತು ಇನ್ನೂ ಆರನೆಯ ಮೆಟ್ಟಿಲಲ್ಲಿದ್ದ. ಮೂರು ದಿನ ಕಳೆದ ಮೇಲೆ ಹೆಣ ಸಿಕ್ಕಿತು.

ಚಿದಂಬರ ಸೂತ್ರದ ಹಾಳೆ ಹಿಡಿದು ಗುರುಗಳ ಬಳಿಗೆ ಬಂದ.

“ಗುರುಗಳೇ, ಸೂತ್ರವನ್ನು ಹತ್ತು ಸಲ ನೋಡಿದೆ. ಯಂತ್ರ ಅದನ್ನು ಎಲ್ಲೂ ಮೀರಿಲ್ಲ. ಮತ್ತೆ ಕಲ್ಲಪ್ಪ ಯಾಕೆ ಸತ್ತ?”

ಗುರುಗಳು ಅವನನ್ನು ಹೊಳೆಗೆ ಕರೆದುಕೊಂಡು ಹೋದರು. ಮಾಚವ್ವ ಒಬ್ಬಳೇ ಒಗೆಯುತ್ತಿದ್ದಳು. ಅವಳನ್ನು ಕೇಳಿ ಒಂದು ಒದ್ದೆ ಗಂಟು ತೆಗೆದುಕೊಂಡು ಶಿಷ್ಯನ ತಲೆಯ ಮೇಲಿಟ್ಟರು. ಮಂಡಿ ಮಡಿಸಲಾಗದಂತೆ ಅವನ ಎಡಗಾಲಿಗೆ ಕೋಲು ಕಟ್ಟಿದರು.

“ಒಂದೊಂದೇ ಕ್ಷಣ ಎಣಿಸುತ್ತಾ ಮೆಟ್ಟಿಲು ಹತ್ತು.”

ಅವನು ಆರನೆಯ ಮೆಟ್ಟಿಲಲ್ಲಿ ಜಾರಿದ. ಗಂಡನನ್ನು ಕಳೆದುಕೊಂಡ ಆ ಹೆಂಗಸು ಕೆಳಗಿನಿಂದ ಕೂಗಿದಳು: “ಜ್ವಾಕಿ ರೀ ಸಾಮೇರ, ಅಲ್ಲಿ ಪಾಚಿ ಐತಿ!”

ಮೇಲೆ ತಲುಪಿದಾಗ ಅವನು ಅಳುತ್ತಿದ್ದ.

“ಎಷ್ಟಾಯಿತು?”

“ಮುನ್ನೂರ ಹನ್ನೆರಡು. ಇದನ್ನು ಅವಳು ಹೇಳಿದ್ದಳು ಗುರುಗಳೇ. ನಾನೇ ಹೊಡೆದುಹಾಕಿದೆ.”

ಅಲ್ಲೇ ಕೂತು ಹೊಸ ಸೂತ್ರ ಬರೆದ: ಸೈರನ್ ಕೂಗಿದ ಮೇಲೆ ಆರುನೂರು ಎಣಿಸುವ ತನಕ ಬಾಗಿಲು ತೆರೆಯಕೂಡದು. ಗುರುಗಳತ್ತ ಹಾಳೆ ಚಾಚಿದ.

“ಈಗ ಸರಿ ಇದೆಯಾ, ನೋಡಿ.”

ಗುರುಗಳು ಹಾಳೆ ಮುಟ್ಟಲಿಲ್ಲ. ಅವರ ಕಣ್ಣೂ ತುಂಬಿತ್ತು.

“ಹೋದ ಸಲವೂ ನನಗೇ ತೋರಿಸಿದೆ, ನಾನು ಚೆನ್ನಾಗಿದೆ ಅಂದೆ. ನಡಿ, ಈ ಸಲ ಅವಳಿಗೆ ಓದಿ ಹೇಳೋಣ.”